ವಸಂತದ ಟ್ರೌಟ್ ನದಿ: ನಿಂಫ್ ಹಾಕೋದಾ, ಡ್ರೈ ಫ್ಲೈ ಹಾಕೋದಾ, ಸ್ಟ್ರೀಮರ್ ಹಾಕೋದಾ?

ವಸಂತದಲ್ಲಿ ಫ್ಲೈ ಫಿಶಿಂಗ್‌ಗೆ ಹೊರಟೋರು ಎಲ್ರೂ ಕೇಳೋ ಮೊದಲ ಪ್ರಶ್ನೆ "ಯಾವ ಫ್ಲೈ ಕಟ್ಲಿ" ಅಂತ. ಫ್ಲೈ ಅಂದ್ರೆ ಗರಿ, ದಾರ ಸುತ್ತಿ ಹುಳದ ಥರ ಮಾಡಿದ ಗಾಳ. ನಿಂಫ್ ಅಂದ್ರೆ ನೀರೊಳಗಿನ ಹುಳದ ಮರಿಯ ನಕಲು, ಡ್ರೈ ಫ್ಲೈ ನೀರ ಮೇಲೆ ತೇಲೋದು, ಸ್ಟ್ರೀಮರ್ ಸಣ್ಣ ಮೀನಿನ ಥರದ ದೊಡ್ಡದು. ಯಾವುದು ಕಟ್ಬೇಕು ಅನ್ನೋದಕ್ಕೆ ಮನೇಲಿ ಕೂತು ಉತ್ತರ ಹೇಳೋಕೆ ಆಗಲ್ಲ, ಯಾಕಂದ್ರೆ ಮಾರ್ಚ್‌ನಿಂದ ಮೇ ತನಕ ಒಂದೇ ನದಿ ವಾರಕ್ಕೊಂದು ವೇಷ ಹಾಕತ್ತೆ, ಕೆಲವು ದಿನ ಬೆಳಗ್ಗೆ ಒಂದು ಥರ ಇದ್ರೆ ಸಂಜೆಗೆ ಇನ್ನೊಂದು ಥರ. (ದಕ್ಷಿಣಾರ್ಧಗೋಳದ ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಡೆ ಹೋಗೋರು ಇದನ್ನ ಸೆಪ್ಟೆಂಬರ್‌ನಿಂದ ನವೆಂಬರ್ ಅಂತ ಓದ್ಕೊಳ್ಳಿ.) ಬಾಕ್ಸ್ ತುಂಬಾ ಇನ್ನೂರು ಫ್ಲೈ ಇಟ್ಕೊಂಡು ಥರ್ಮಾಮೀಟರ್ ಇಲ್ದೇ ಹೋಗೋದಕ್ಕಿಂತ ಹತ್ತು ಫ್ಲೈ ಮತ್ತೆ ಒಂದು ಥರ್ಮಾಮೀಟರ್ ಹಿಡ್ಕೊಂಡು ಹೋಗೋದು ವಾಸಿ. ನನ್ನ ಲೆಕ್ಕದಲ್ಲಿ ಮೊದ್ಲು ತಾಪಮಾನ, ಆಮೇಲೆ ಆಳ, ಅದಾದ್ಮೇಲೆ ಸೈಜು, ಕೊನೇಲಿ ಫ್ಲೈಯ ಹೆಸರು. ಹೆಚ್ಚಿನವರು ಇದನ್ನ ಪೂರ್ತಿ ತಲೆಕೆಳಗಾಗಿ ಮಾಡ್ತಾರೆ.

ನೀರು ಎಷ್ಟು ತಣ್ಣಗಿದೆ

ಟ್ರೌಟ್ ಶೀತರಕ್ತದ ಪ್ರಾಣಿ, ನೀರು 4-5 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದರ ಜೀರ್ಣಶಕ್ತಿನೇ ನಿಧಾನ ಆಗಿರತ್ತೆ. ತಿನ್ನಲ್ಲ ಅಂತಲ್ಲ, ತಿನ್ನತ್ತೆ, ಆದ್ರೆ ಬಾಯಿ ಹತ್ರ ಬಂದ್ರೆ ಮಾತ್ರ ತಿನ್ನತ್ತೆ, ಒಂದು ಅಡಿ ಪಕ್ಕಕ್ಕೆ ಸರಿಯೋಕೂ ಬೇಜಾರು ಅದಕ್ಕೆ. ಇಂಥ ದಿನ ಮೀನೆಲ್ಲಾ ಮಡುವಿನ ತಳದಲ್ಲಿ, ಬಂಡೆ ಹಿಂದಿನ ನಿಂತ ನೀರಲ್ಲಿ, ಸೆಳೆತ ಇಲ್ಲದ ದಡದ ಅಂಚಲ್ಲಿ ಇರತ್ತೆ. 7-8 ಡಿಗ್ರಿ ದಾಟಿದ್ರೆ ಚಟುವಟಿಕೆ ಶುರು, 10ರ ಮೇಲೆ ಹೋದ್ರೆ ಮೀನು ಮಡು ಬಿಟ್ಟು ಮೇಲಿನ ಜಲ್ಲಿ ಹರಿವಿಗೆ, ಮೊಣಕಾಲುದ್ದ ನೀರಿಗೂ ಬಂದು ನಿಲ್ಲತ್ತೆ. 10ರಿಂದ 16 ಡಿಗ್ರಿ ಒಳಗೆ ಚೆನ್ನಾಗಿ ತಿನ್ನತ್ತೆ. 20ರ ಹತ್ರ ಬಂತು ಅಂದ್ರೆ ಮೀನಿಗೆ ಉಸಿರಾಟಕ್ಕೆ ಕಷ್ಟ, ಆಗ ಗಾಳ ಎತ್ತಿಟ್ಬಿಡಿ. ಅದು ಬೇಸಿಗೆಯ ತಲೆನೋವು, ವಸಂತದಲ್ಲಿ ಅಪರೂಪ.

ಒಂದೇ ಸಲ ಅಳೆದು ಸುಮ್ನಾಗೋದಲ್ಲ, ಏರ್ತಾ ಇದೆಯಾ ಇಳೀತಾ ಇದೆಯಾ ಅನ್ನೋದು ಮುಖ್ಯ. ಬೆಳಗ್ಗೆ 5 ಡಿಗ್ರಿ ಇದ್ದ ನೀರು ಮಧ್ಯಾಹ್ನ 8 ಆದ್ರೆ ಅದು ಒಳ್ಳೇ ದಿನ, ಮೊದ್ಲಿಂದಾನೂ 8 ಇದ್ದು 6ಕ್ಕೆ ಇಳಿದ್ರೆ ಅದು ಕೆಟ್ಟ ದಿನ. ಇಲ್ಲೊಂದು ಮೋಸ ಇದೆ, ಹೊಸಬರು ಬೀಳೋದು ಇದಕ್ಕೇ. ಬಿಸಿಲು ಚೆನ್ನಾಗಿದೆ, ಸ್ವೆಟರ್ ಬೇಡ ಅನ್ನಿಸ್ತಿದೆ ಅಂತ ಖುಷಿಯಾಗಿ ಹೋಗ್ತಾರೆ, ಆದ್ರೆ ಮೇಲೆ ಬೆಟ್ಟದಲ್ಲಿ ಹಿಮ ಇರೋ ನದಿಯಾದ್ರೆ ಅದೇ ಬಿಸಿಲಿಗೆ ಹಿಮ ಕರಗಿ ಐಸ್ ಥರದ ನೀರು ಕೆಳಗೆ ಬರತ್ತೆ, ಗಾಳಿ ಬೆಚ್ಚಗೆ ನೀರು ತಣ್ಣಗೆ ಬಗ್ಗಡ. ಆ ನೀರು ನಿಮ್ಮ ಜಾಗಕ್ಕೆ ತಲುಪೋದು ಸಂಜೆಗೋ ರಾತ್ರಿಗೋ, ಎಷ್ಟು ದೂರ ಅನ್ನೋದರ ಮೇಲೆ. ರಾತ್ರಿ ಮತ್ತೆ ಚಳಿ ಹಿಡಿದ್ರೆ ಕರಗೋದು ನಿಲ್ಲತ್ತೆ, ಹಾಗಾಗಿ ಹಿಮದ ನದಿಗಳಲ್ಲಿ ಮಧ್ಯಾಹ್ನದ ಒಳಗೆ ನೀರು ತಿಳಿಯಾಗಿರೋದು ಜಾಸ್ತಿ. ಹಿಮ ಇಲ್ಲದ ನದಿಗಳಲ್ಲಿ ಇದು ಉಲ್ಟಾ, ಅಲ್ಲಿ ಬೆಳಗ್ಗೆ ಬೇಗ ಏಳೋ ಅಗತ್ಯನೇ ಇಲ್ಲ, ಆರಾಮಾಗಿ ತಿಂಡಿ ತಿಂದು ಹತ್ತೂವರೆ ಹನ್ನೊಂದಕ್ಕೆ ಹೋದ್ರೂ ನಡೆಯತ್ತೆ, ಹುಳ ಏಳೋದೇ (ನೀರೊಳಗಿನ ಮರಿ ಮೇಲೆ ಬಂದು ಪೊರೆ ಬಿಟ್ಟು ರೆಕ್ಕೆ ಹುಳ ಆಗೋದು) ಹನ್ನೊಂದರಿಂದ ಮೂರರ ಒಳಗೆ, ದಿನದ ಬೆಚ್ಚಗಿನ ಹೊತ್ತಲ್ಲಿ.

ನದಿ ಯಾವ ಜಾತಿದು

ಹೋಗೋಕೆ ಎರಡು ಮೂರು ನದಿ ಹತ್ರ ಇದ್ರೆ ಯಾವುದನ್ನ ಆರಿಸ್ಕೋಬೇಕು ಅನ್ನೋದು ಫ್ಲೈ ಆರಿಸೋದಕ್ಕಿಂತ ದೊಡ್ಡ ನಿರ್ಧಾರ. ಮಳೆ ಮತ್ತೆ ಹಿಮದ ನೀರಲ್ಲಿ ಹರಿಯೋ ಕಲ್ಲು-ಬಂಡೆ ನದಿಗಳಿಗೆ ಫ್ರೀಸ್ಟೋನ್ ಅಂತಾರೆ. ಇವುಗಳ ಮೂಡ್ ಪೂರ್ತಿ ಹವಾಮಾನದ ಕೈಲಿ, ವಸಂತದ ಶುರುವಿನಲ್ಲಿ ಚೆನ್ನಾಗಿದ್ದು ದೊಡ್ಡ ಕರಗುವಿಕೆ ಶುರುವಾದ ತಕ್ಷಣ ಕೆಲವು ವಾರ ಮುಖ ನೋಡೋಕಾಗಲ್ಲ. ಇನ್ನೊಂದು ಟೇಲ್‌ವಾಟರ್, ಅಂದ್ರೆ ಅಣೆಕಟ್ಟಿನ ಕೆಳಗಿನ ನದಿ. ಜಲಾಶಯದ ತಳದಿಂದ ನೀರು ಬಿಡೋ ಕಡೆ ತಾಪಮಾನ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಮಣ್ಣೆಲ್ಲಾ ಜಲಾಶಯದಲ್ಲೇ ಕೂತು ನೀರು ತಿಳಿಯಾಗಿ ಬರತ್ತೆ, ಹಂಗಾಗಿ ಫ್ರೀಸ್ಟೋನ್ ಕೆಟ್ಟಾಗ ಎಲ್ರೂ ಇಲ್ಲಿಗೇ ಓಡಿಬರ್ತಾರೆ, ಜಾತ್ರೆ ಆಗತ್ತೆ. ತೊಂದ್ರೆ ಏನಂದ್ರೆ ಯಾವಾಗ ಬೇಕಾದ್ರೂ ಗೇಟ್ ಎತ್ತಿ ನೀರು ಬಿಡಬಹುದು. ಬಿಡುಗಡೆಯ ವೇಳಾಪಟ್ಟಿ ನೋಡದೆ ನದಿ ಮಧ್ಯಕ್ಕೆ ಇಳಿಯೋದು ಧೈರ್ಯ ಅಲ್ಲ, ಹುಚ್ಚು. ಮೂರನೇದು ಸ್ಪ್ರಿಂಗ್ ಕ್ರೀಕ್, ನೆಲದೊಳಗಿನ ಒರತೆ ನೀರಿಂದ ಹುಟ್ಟೋದು, ಇಂಗ್ಲೆಂಡಿನ ದಕ್ಷಿಣದ ಸುಣ್ಣಕಲ್ಲಿನ ನದಿಗಳು, ಚಾಕ್‌ಸ್ಟ್ರೀಮ್ ಅಂತಾರಲ್ಲ, ಅವೂ ಇದೇ ಕುಲ. ನೀರು ವರ್ಷ ಪೂರ್ತಿ ಸುಮಾರು 10 ಡಿಗ್ರಿ ಆಸುಪಾಸಲ್ಲೇ ಇರತ್ತೆ, ಕನ್ನಡಿ ಥರ ತಿಳಿ, ಹುಳ ಏಳೋದೂ ಟೈಮಿಗೆ ಸರಿಯಾಗಿ. ಆದ್ರೆ ಮೀನು ಮಹಾ ಜಾಣ, ನಿಮ್ಮ ನೆರಳು ಬಿದ್ರೂ ಮಾಯ.

ನನ್ನ ಆಯ್ಕೆ ಹೀಗೆ. ಹಿಂದಿನ ದಿನ ಜೋರು ಮಳೆ ಬಂದಿದ್ರೆ ಟೇಲ್‌ವಾಟರ್ ಇಲ್ಲಾ ಸ್ಪ್ರಿಂಗ್ ಕ್ರೀಕ್. ಮೂರು ನಾಲ್ಕು ದಿನ ಮೋಡ ಮೋಡ, ಸಣ್ಣ ಚಳಿ, ನೀರಿನ ಮಟ್ಟ ನಿಧಾನಕ್ಕೆ ಇಳೀತಾ ಬಣ್ಣ ಹಸಿರುಹಸಿರಾಗಿದ್ರೆ ಕಣ್ಮುಚ್ಚಿ ಫ್ರೀಸ್ಟೋನ್. ಇಳಿಯೋ ನೀರು ಏರೋ ನೀರಿಗಿಂತ ಯಾವಾಗ್ಲೂ ಮೇಲು. ನೀರಲ್ಲಿ ನಿಂತಾಗ ಮೊಣಕಾಲ ಕೆಳಗೆ ನಿಮ್ಮ ಬೂಟು ಮಸುಕಾಗಿಯಾದ್ರೂ ಕಂಡ್ರೆ ಫಿಶಿಂಗ್ ಮಾಡಬಹುದು, ಕಾಫಿ ಡಿಕಾಕ್ಷನ್ ಥರ ಆಗಿದ್ರೆ ವಾಪಸ್ ಹೊರಡಿ.

ಈಗ ಮುಖ್ಯ ವಿಷಯ

ವಸಂತದ ಮೊದಲರ್ಧಕ್ಕೆ ನಿಂಫ್‌ನ ಮುಂದೆ ಬೇರೆ ಯಾವುದೂ ನಿಲ್ಲಲ್ಲ, ಇದರಲ್ಲಿ ನನಗೆ ಅನುಮಾನ ಇಲ್ಲ. ಟ್ರೌಟ್ ತನ್ನ ಊಟದ ಬಹುಪಾಲು ತಿನ್ನೋದೇ ನೀರಿನೊಳಗೆ, ತಣ್ಣೀರಲ್ಲಂತೂ ಇನ್ನೂ ಜಾಸ್ತಿ. ಪ್ರಶ್ನೆ ಯಾವ ನಿಂಫ್ ಅನ್ನೋದಲ್ಲ, ತಳಕ್ಕೆ ಮುಟ್ತಾ ಇದೆಯಾ ಅನ್ನೋದು. ಫ್ಲೈ ಆಗಾಗ ಕಲ್ಲಿಗೆ ತಾಗ್ತಾ ಇಲ್ಲ ಅಂದ್ರೆ ನೀವು ಮೀನಿನ ತಲೆ ಮೇಲೆ ಹಾಯಿಸ್ತಾ ಇದೀರ ಅಂತ ಅರ್ಥ. ಅರ್ಧ ಗಂಟೆ ಏನೂ ಆಗ್ಲಿಲ್ಲ ಅಂತ ಜನ ಫ್ಲೈ ಬದಲಾಯಿಸ್ತಾರೆ. ಅದರ ಬದಲು ತೂಕ ಬದಲಾಯಿಸಿ, ಅದೇ ಫ್ಲೈ ಕೆಲಸ ಮಾಡೋದು ಕಾಣತ್ತೆ. ಟಂಗ್‌ಸ್ಟನ್ ಮಣಿ ಹಾಕಿದ ಫ್ಲೈ ಇಟ್ಕೊಳ್ಳಿ, ಹಿತ್ತಾಳೆಗಿಂತ ಎರಡು ಪಟ್ಟಿಗೂ ಜಾಸ್ತಿ ಸಾಂದ್ರತೆ, ಸಣ್ಣ ಸೈಜಲ್ಲೂ ಬೇಗ ಮುಳುಗತ್ತೆ.

ನಿಂಫ್ ಹಾಕೋದ್ರಲ್ಲೂ ಎರಡು ದಾರಿ. ಇಂಡಿಕೇಟರ್ ಅಂದ್ರೆ ಮೇಲೆ ತೇಲೋ ಬೆಂಡು ಕಟ್ಟಿ ಕೆಳಗೆ ನಿಂಫ್ ಬಿಡೋದು, ನೀರಿನ ಆಳದ ಒಂದೂವರೆ ಪಟ್ಟು ದೂರಕ್ಕೆ ಬೆಂಡು ಇಡೋದು ಎಲ್ರೂ ಶುರು ಮಾಡೋ ಲೆಕ್ಕ. ಅಗಲ ನದಿ, ಆಳದ ನಿಧಾನ ನೀರು, ಗಾಳಿ ಬೀಸೋ ದಿನ, ದೂರದಲ್ಲಿರೋ ಮೀನು, ಇದಕ್ಕೆಲ್ಲಾ ಬೆಂಡೇ ಸರಿ. ಇನ್ನೊಂದು ಯೂರೋ ನಿಂಫಿಂಗ್, ಬೆಂಡು ಇಲ್ಲ, ಉದ್ದದ ತೆಳ್ಳನೆ ಲೀಡರ್ (ಲೈನ್‌ಗೂ ಫ್ಲೈಗೂ ನಡುವಿನ ದಾರ), ಮಧ್ಯೆ ಬಣ್ಣದ ಒಂದು ತುಂಡು, ಅದನ್ನ ನೋಡ್ತಾ ರಾಡ್ ತುದಿ ಮೇಲೆತ್ತಿ ಫ್ಲೈ ಜೊತೆ ನೇರ ಸಂಪರ್ಕ ಇಟ್ಕೊಂಡು ಹೋಗೋದು. ತೊಡೆಮಟ್ಟದ ರಭಸದ ನೀರು, ಬಂಡೆ ನಡುವಿನ ಸಣ್ಣ ಸಣ್ಣ ಗುಂಡಿಗಳಲ್ಲಿ ಇದಕ್ಕೆ ಸಾಟಿಯಿಲ್ಲ, ಯಾಕಂದ್ರೆ ತೆಳ್ಳನೆ ದಾರನ ನೀರು ಎಳೆಯಲ್ಲ, ಫ್ಲೈ ಸೀದಾ ಮುಳುಗತ್ತೆ. ಜೋರು ಗಾಳಿ ಬಂತು ಅಂದ್ರೆ ಮುಗೀತು ಕಥೆ. ಕಲಿಯೋಕೆ ಟೈಮ್ ಬೇಕು ಅಂತಾರೆ, ನಿಜ, ಆದ್ರೆ ಒಂದು ಸಲ ಕೈ ಕೂತ್ರೆ ಬೆಂಡು ಕಟ್ಟೋಕೆ ಮನಸ್ಸು ಬರಲ್ಲ.

ಡ್ರೈ ಫ್ಲೈ ಬಗ್ಗೆ ಎಲ್ರಿಗೂ ಆಸೆ, ಮೀನು ಮೇಲೆ ಬಂದು ಕಚ್ಚೋದನ್ನ ಕಣ್ಣಾರೆ ನೋಡೋ ಮಜಾನೇ ಬೇರೆ. ವಸಂತದಲ್ಲಿ ಅದಕ್ಕೆ ದಿನಕ್ಕೆ ಒಂದೆರಡು ಗಂಟೆ ಅವಕಾಶ ಸಿಗತ್ತೆ, ಅಷ್ಟೇ. ಮೇಲ್ಮೈಯಲ್ಲಿ ಮೀನು ಏಳೋದು ಕಂಡ್ರೆ ಹಾಕಿ, ಕಾಣದೇ ಇದ್ರೆ ಸುಮ್ನೆ ತಣ್ಣೀರಲ್ಲಿ ಡ್ರೈ ಎಸೀತಾ ನಿಲ್ಲೋದು ಕೈಗೆ ವ್ಯಾಯಾಮ. ಆದ್ರೆ ಏಳೋದನ್ನ ಸರಿಯಾಗಿ ನೋಡೋದೇ ಒಂದು ಕೆಲಸ. ಮೀನಿನ ಮೂತಿ ಹೊರಗೆ ಬಂದು, ಅದು ಹೋದ ಜಾಗದಲ್ಲಿ ಒಂದು ಗುಳ್ಳೆ ಉಳಿದ್ರೆ ಅದು ನೀರಿನ ಮೇಲೆ ಕೂತ ಹುಳ ತಿಂದಿದೆ, ಹುಳದ ಜೊತೆ ಗಾಳಿನೂ ನುಂಗಿದ್ದಕ್ಕೆ ಆ ಗುಳ್ಳೆ. ಮೂತಿ ಕಾಣದೆ ಬರೀ ಬೆನ್ನು, ಬೆನ್ನಿನ ರೆಕ್ಕೆ, ಆಮೇಲೆ ಬಾಲದ ತುದಿ ಮಾತ್ರ ಕಂಡು ಗುಳ್ಳೆ ಉಳೀದೇ ಇದ್ರೆ ಅದು ಮೇಲ್ಮೈಗೆ ಒಂದೆರಡು ಇಂಚು ಕೆಳಗೆ ತಿಂತಾ ಇದೆ, ಪೊರೆ ಬಿಟ್ಟು ಹೊರಬರ್ತಾ ಇರೋ ಹುಳನ. ಆಗ ಎಂಥಾ ಚಂದದ ಡ್ರೈ ಹಾಕಿದ್ರೂ ಮೂಸಿ ನೋಡಲ್ಲ. ಎಮರ್ಜರ್ ಬೇಕು, ಅರ್ಧ ಮೈ ನೀರೊಳಗೆ ಅರ್ಧ ಹೊರಗೆ ಇರೋ ಥರದ್ದು, ಕ್ಲಿಂಕ್‌ಹಾಮರ್ ಅನ್ನೋ ಫ್ಲೈ ಹಾಗೇ ತೇಲತ್ತೆ. ನೂರಾರು ಹುಳ ತೇಲ್ತಾ ಇದ್ರೂ ಮೀನು ಡ್ರೈ ತಗೋತಾ ಇಲ್ಲ ಅಂತ ತಲೆ ಕೆರ್ಕೊಳ್ಳೋರಲ್ಲಿ ಬಹಳ ಜನಕ್ಕೆ ಉತ್ತರ ಇದೇ.

ಇವೆರಡರ ಮಧ್ಯೆ ಇರೋದು ಡ್ರೈ-ಡ್ರಾಪರ್, ಮೇಲೆ ದೊಡ್ಡ ಡ್ರೈ, ಅದರ ಹುಕ್‌ಗೆ 45-60 ಸೆಂಟಿಮೀಟರ್ ದಾರ ಕಟ್ಟಿ ಕೆಳಗೆ ಸಣ್ಣ ನಿಂಫ್. ಮೊಣಕಾಲುದ್ದದ ಜಲ್ಲಿ ಹರಿವಿಗೆ ಅದ್ಭುತ. ಆಳದ ಮಡುಗೆ ದಂಡ, ನಿಂಫ್ ತಳಕ್ಕೆ ಹೋಗೋದೇ ಇಲ್ಲ.

ಸಾಫ್ಟ್ ಹ್ಯಾಕಲ್ ವೆಟ್ ಫ್ಲೈನ (ಮೆತ್ತನೆ ಗರಿ ಸುತ್ತಿದ, ನೀರೊಳಗೆ ಹಾಯಿಸೋ ಫ್ಲೈ) ಈಗ ಯಾರೂ ಕೇಳಲ್ಲ, ಹಳೇ ಕಾಲದ್ದು ಅಂತ. ಪಾರ್ಟ್ರಿಜ್ ಹಕ್ಕಿಯ ಒಂದು ಗರಿ, ಕೇಸರಿ ಬಣ್ಣದ ರೇಷ್ಮೆ ದಾರ, ಅಷ್ಟೇ ಸಾಮಾನು. ಹುಳ ಏಳೋಕೆ ಶುರುವಾಗೋ ಮುಂಚಿನ ಅರ್ಧ ಗಂಟೆ, ನದಿಗೆ ಅಡ್ಡಲಾಗಿ ಕೆಳಗಡೆಗೆ ಎಸೆದು ಸೆಳೆತದಲ್ಲಿ ಬಿಲ್ಲಿನಂತೆ ಬಾಗಿ ಬರೋಕೆ ಬಿಡಿ, ಕೊನೇಲಿ ಫ್ಲೈ ಮೇಲಕ್ಕೆ ಏಳೋ ಜಾಗದಲ್ಲಿ ಕಚ್ಚತ್ತೆ. ಹೊಸಬರಿಗೆ ನಾನು ಹೇಳೋದು ಇದನ್ನೇ, ಎಸೆಯೋದು ಸರಿ ಬರ್ದೇ ಇದ್ರೂ ನೀರೇ ಕೆಲಸ ಮಾಡ್ಕೊಡತ್ತೆ.

ಇನ್ನು ಸ್ಟ್ರೀಮರ್, ಮೀನಿನ ಮರಿ, ಜಿಗಣೆ ಥರದ ದೊಡ್ಡ ತುತ್ತಿನ ನಕಲು. ನೀರು ಏರಿ ಬಣ್ಣ ಬಂದಿದ್ದಾಗ ಬೇರೆ ಎಲ್ಲಾ ಕೈಕೊಟ್ರೂ ಇದು ಕೈ ಹಿಡಿಯತ್ತೆ, ದೊಡ್ಡ ಬ್ರೌನ್ ಟ್ರೌಟ್ ಸಿಗೋ ಚಾನ್ಸೂ ಇದರಲ್ಲೇ ಜಾಸ್ತಿ. ಬಗ್ಗಡ ನೀರಿಗೆ ಕಪ್ಪು ಬಣ್ಣ ತಗೊಳ್ಳಿ, ಕೆಳಗಿಂದ ನೋಡೋ ಮೀನಿಗೆ ಆಕಾರ ಗಟ್ಟಿಯಾಗಿ ಕಾಣತ್ತೆ, ತಿಳಿನೀರಿಗೆ ಆಲಿವ್. ತಣ್ಣೀರಲ್ಲಿ ಸರಸರ ಎಳೀಬೇಡಿ, ನಿಧಾನಕ್ಕೆ ಎಳೆದು ನಿಲ್ಲಿಸಿ ಎಳೆದು ನಿಲ್ಲಿಸಿ ಬನ್ನಿ, ಎಷ್ಟೋ ಸಲ ನಿಲ್ಲಿಸಿದಾಗ್ಲೇ ಕಚ್ಚೋದು. ಇದರಲ್ಲಿ ಎಣಿಕೆ ಕಮ್ಮಿ, ಸೈಜು ಜಾಸ್ತಿ. ದಿನಕ್ಕೆ ಒಂದೂ ಸಿಗದೇ ಇದ್ರೆ ಬೇಜಾರಾಗೋರು ನಿಂಫಿಗೇ ಅಂಟ್ಕೊಳ್ಳಿ.

ಕಲ್ಲು ಎತ್ತಿ ನೋಡಿ

ಫ್ಲೈ ಹೆಸರಿನ ಚರ್ಚೆ ಮುಗಿಸೋಕೆ ಸುಲಭದ ದಾರಿ ನದಿ ಅಂಚಲ್ಲಿ ಅಂಗೈ ಅಗಲದ ಒಂದು ಕಲ್ಲು ಎತ್ತಿ ತಿರುಗಿಸಿ ನೋಡೋದು. ತೆಳ್ಳಗೆ, ಹಸಿರು ಮಿಶ್ರ ಕಂದು, ಅಕ್ಕಿಕಾಳಿಗಿಂತ ಸಣ್ಣ ಹುಳ ಕಲ್ಲಿನ ಮೇಲೆ ತಟಕ್ಕನೆ ಒದ್ದಾಡಿದ್ರೆ ಅದು ಬೇಟಿಸ್ ಅನ್ನೋ ಮೇಫ್ಲೈ (ನೀರಲ್ಲಿ ಬೆಳೆಯೋ ರೆಕ್ಕೆ ಹುಳ) ಮರಿ. ಭುಜದ ಹತ್ರ ರೆಕ್ಕೆ ಬರೋ ಗಂಟು ಕಪ್ಪಗಿದೆಯಾ ನೋಡಿ, ಕಪ್ಪಗಿದ್ರೆ ಅದು ಇನ್ನೇನು ಏಳತ್ತೆ, ಬಹುಶಃ ಅವತ್ತೇ. ಚಪ್ಪಟೆ ಮೈ ಕಲ್ಲಿಗೆ ಅಂಟ್ಕೊಂಡಂತೆ ಇದ್ರೆ ಮಾರ್ಚ್ ಬ್ರೌನ್ ಜಾತಿ. ಎರಡೇ ಬಾಲ, ಗಟ್ಟಿ ಮೈ, ನಿಧಾನಕ್ಕೆ ನಡೆಯತ್ತೆ ಅಂದ್ರೆ ಸ್ಟೋನ್‌ಫ್ಲೈ. ಕಡ್ಡಿ ಪುಡಿಯಲ್ಲಿ ಮಾಡಿದ ಚೌಕಾಕಾರದ ಪುಟ್ಟ ಗೂಡುಗಳು ಸಾಲಾಗಿ ಅಂಟಿದ್ರೆ ಗ್ರಾನಮ್ ಕ್ಯಾಡಿಸ್ ಅನ್ನೋ ಹುಳ.

ಬೇಟಿಸ್ ಅಂದ್ರೆ ಅಮೆರಿಕದೋರು ಬ್ಲೂ ವಿಂಗ್ಡ್ ಆಲಿವ್ ಅಂತಾರೆ, ಬ್ರಿಟನ್‌ನಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಬರೋ ಲಾರ್ಜ್ ಡಾರ್ಕ್ ಆಲಿವ್ ಕೂಡ ಇದೇ ಬಳಗ. ಮೋಡ ಕವಿದು ತುಂತುರು ಬೀಳೋ ದರಿದ್ರ ದಿನಾನೇ ಇದಕ್ಕೆ ಹಬ್ಬ, ತೇವದಲ್ಲಿ ರೆಕ್ಕೆ ಬೇಗ ಒಣಗಲ್ಲ, ಹುಳ ನೀರ ಮೇಲೆ ಜಾಸ್ತಿ ಹೊತ್ತು ಕೂತಿರತ್ತೆ, ಮೀನಿಗೆ ಸುಗ್ಗಿ. ಅಮೆರಿಕದ ಜಾತಿಗಳಿಗೆ 18ರಿಂದ 22ರ ಸೈಜು, ಬ್ರಿಟನ್‌ದು ಸ್ವಲ್ಪ ದೊಡ್ಡದು, 14-16 ಸಾಕು. (ಹುಕ್‌ನಲ್ಲಿ ನಂಬರ್ ದೊಡ್ಡದಾದಷ್ಟೂ ಗಾಳ ಸಣ್ಣದು, ಇದು ಯಾಕಪ್ಪಾ ಹೀಗೆ ಅಂತ ಕೇಳ್ಬೇಡಿ.) ನೀರೊಳಗೆ ಇದಕ್ಕೆ ಫೆಸೆಂಟ್ ಟೇಲ್ ನಿಂಫ್, ಇಂಗ್ಲೆಂಡಿನ ಏವನ್ ನದಿ ನೋಡ್ಕೋತಿದ್ದ ಫ್ರಾಂಕ್ ಸಾಯರ್ ಮಾಡಿದ್ದು, ಕಟ್ಟೋ ದಾರದ ಬದಲು ತಾಮ್ರದ ತಂತಿಯಲ್ಲೇ ಸುತ್ತಿ ತೂಕನೂ ಕೊಟ್ಟ. ಇವತ್ತಿಗೂ ಅದಕ್ಕಿಂತ ಒಳ್ಳೇ ಬೇಟಿಸ್ ನಕಲು ಬೇಕು ಅಂತ ನನಗೆ ಅನ್ನಿಸಿಲ್ಲ. ಮೇಲ್ಮೈಗೆ ಪ್ಯಾರಾಶೂಟ್ ಆಡಮ್ಸ್, ಮೂಲ ಆಡಮ್ಸ್‌ನ 1922ರಲ್ಲಿ ಮಿಶಿಗನ್‌ನಲ್ಲಿ ಲೆನ್ ಹ್ಯಾಲಡೇ ಕಟ್ಟಿದ್ದು, ಅದು ನಿರ್ದಿಷ್ಟವಾಗಿ ಒಂದೇ ಹುಳದ ಥರ ಇಲ್ಲ, ಎಲ್ಲಾ ಹುಳದ ಥರಾನೂ ಸ್ವಲ್ಪ ಸ್ವಲ್ಪ ಇದೆ, ಅದಕ್ಕೇ ಓಡ್ತಾ ಇದೆ. ಬೇಟಿಸ್‌ನ ಹೆಣ್ಣು ಕಲ್ಲು ಹಿಡ್ಕೊಂಡು ನೀರೊಳಗೆ ಇಳಿದು ಮೊಟ್ಟೆ ಇಡತ್ತೆ, ಹಂಗಾಗಿ ಹುಳ ಏಳೋದು ನಿಂತ್ಮೇಲೂ ಸಾಫ್ಟ್ ಹ್ಯಾಕಲ್‌ಗೆ ಮೀನು ಸಿಗ್ತಾ ಇರತ್ತೆ, ಬೇಗ ಮನೆಗೆ ಹೊರಡಬೇಡಿ.

ಹೆಂಡ್ರಿಕ್ಸನ್ ಅಮೆರಿಕದ ಪೂರ್ವಭಾಗದ ಮೇಫ್ಲೈ, ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ಸ್ ಬೆಟ್ಟದ ನದಿಗಳಲ್ಲಿ ಏಪ್ರಿಲ್ ಕೊನೆ-ಮೇ ಮೊದಲು, ನೀರು 10 ಡಿಗ್ರಿ ಮುಟ್ಟಿದಾಗ, ಮಧ್ಯಾಹ್ನದ ಹೊತ್ತು, ಸೈಜು 12-14. ಬೇಟಿಸ್‌ಗಿಂತ ದೊಡ್ಡ ತುತ್ತು, ಇದು ಬಂದ ದಿನ ದೊಡ್ಡ ಮೀನೂ ಮೇಲೆ ಬರತ್ತೆ. ಬ್ರಿಟನ್‌ನ ಮಾರ್ಚ್ ಬ್ರೌನ್ ಇನ್ನೊಂದು ಥರ, ಗುಂಪಾಗಿ ಏಳತ್ತೆ, ಹತ್ತು ನಿಮಿಷ ನದಿ ಕುದಿಯೋ ಥರ ಕಾಣತ್ತೆ, ಆಮೇಲೆ ಸ್ವಿಚ್ ಆಫ್. ಫ್ಲೈ ಮೊದ್ಲೇ ಕಟ್ಟಿಟ್ಕೊಂಡಿರದೇ ಇದ್ರೆ ಗಂಟು ಹಾಕೋದ್ರೊಳಗೆ ಮುಗಿದಿರತ್ತೆ.

ಅಮೆರಿಕದ ಪಶ್ಚಿಮಕ್ಕೆ ಹೋದ್ರೆ ಸ್ಕ್ವಾಲಾ ಸ್ಟೋನ್‌ಫ್ಲೈ, ಮೊಂಟಾನಾದ ಬಿಟರ್‌ರೂಟ್ ನದಿ ಇದಕ್ಕೆ ಪ್ರಸಿದ್ಧ, ಮಾರ್ಚ್‌ನಲ್ಲೇ ದೊಡ್ಡ ಡ್ರೈ ಹಾಕೋ ಭಾಗ್ಯ. ಸ್ಟೋನ್‌ಫ್ಲೈ ನೀರಿನ ಮೇಲೆ ಪೊರೆ ಬಿಡಲ್ಲ, ತೆವಳ್ತಾ ದಡಕ್ಕೆ ಬಂದು ಕಲ್ಲು ಹತ್ತಿ ಪೊರೆ ಬಿಡತ್ತೆ, ಹಂಗಾಗಿ ನಿಂಫ್ ಆಗ್ಲಿ ಡ್ರೈ ಆಗ್ಲಿ ದಡದಿಂದ ಒಂದೆರಡು ಅಡಿ ಒಳಗೆ ಹಾಕಿ, ನದಿ ಮಧ್ಯೆ ಹಾಕಿ ಪ್ರಯೋಜನ ಇಲ್ಲ. ಗ್ರಾನಮ್ ಕ್ಯಾಡಿಸ್ ಏಪ್ರಿಲ್-ಮೇನಲ್ಲಿ, ನೀರು 10-12 ಡಿಗ್ರಿ ಆದಾಗ, ಸೈಜು 14-16, ಎಲ್ಕ್ ಹೇರ್ ಕ್ಯಾಡಿಸ್ ಅನ್ನೋ ಡ್ರೈ ಸಾಕು. ಇನ್ನು ಇದ್ಯಾವುದೂ ಇಲ್ಲದ ದಿನಕ್ಕೆ ಮಿಡ್ಜ್, ಸೊಳ್ಳೆ ಗಾತ್ರದ್ದು, ಚಳಿಗಾಲ ಪೂರ್ತಿ ಏಳ್ತಾನೇ ಇರತ್ತೆ. ಟೇಲ್‌ವಾಟರ್‌ನಲ್ಲಿ 20-22ರ ಜೀಬ್ರಾ ಮಿಡ್ಜ್ ಇಲ್ದೇ ಹೋಗೋದು ಅಂದ್ರೆ ಅರ್ಧ ದಿನ ಕಳ್ಕೊಂಡಂಗೆ. ಮಳೆ ಬಂದು ನೀರು ಏರ್ತಾ ಇದ್ರೆ ಎರೆಹುಳದ ನಕಲು ಸ್ಯಾನ್ ವಾನ್ ವರ್ಮ್, ಇದು ಫ್ಲೈನೇ ಅಲ್ಲ ಅಂತ ಮೂಗು ಮುರಿಯೋರು ಇದಾರೆ, ಮುರೀಲಿ, ದಡ ಕೊಚ್ಚಿ ಎರೆಹುಳ ನೀರಿಗೆ ಬೀಳ್ತಾ ಇರೋವಾಗ ಮೀನು ಅವರ ಅಭಿಪ್ರಾಯ ಕೇಳಲ್ಲ.

ದಾರದ ವಿಷಯ ಎರಡೇ ಮಾತು. ಹುಕ್ ನಂಬರ್‌ನ ಮೂರರಿಂದ ಭಾಗಿಸಿದ್ರೆ ಹತ್ತಿರತ್ತಿರ ಟಿಪ್ಪೆಟ್ (ಫ್ಲೈ ಕಟ್ಟೋ ಕೊನೆಯ ತುಂಡು ದಾರ, ನಂಬರ್ ದೊಡ್ಡದಾದಷ್ಟೂ ತೆಳ್ಳಗೆ) ನಂಬರ್ ಸಿಗತ್ತೆ, 16ರ ಫ್ಲೈಗೆ 5 ಎಕ್ಸ್, ಅಂದ್ರೆ ಸುಮಾರು 0.15 ಮಿಲಿಮೀಟರ್ ದಪ್ಪ. ಬಗ್ಗಡ ನೀರಲ್ಲಿ ಒಂದು ನಂಬರ್ ದಪ್ಪ ಹಾಕಿದ್ರೂ ಮೀನಿಗೆ ಗೊತ್ತಾಗಲ್ಲ, ಸ್ಟ್ರೀಮರ್‌ಗಂತೂ 2 ಎಕ್ಸ್, 3 ಎಕ್ಸ್‌ಗಿಂತ ತೆಳ್ಳಗೆ ಹೋಗಲೇಬೇಡಿ.

ನದಿಗೆ ಇಳಿಯೋ ಮುಂಚೆ ಕಾಲಿಡೋ ಜಾಗ ನೋಡ್ಕೊಳ್ಳಿ. ರೇನ್‌ಬೋ ಟ್ರೌಟ್ ಮೊಟ್ಟೆ ಇಡೋದೇ ವಸಂತದಲ್ಲಿ, ಬ್ರೌನ್ ಟ್ರೌಟ್ ಶರತ್ಕಾಲದಲ್ಲಿ ಇಟ್ಟಿದ್ರೂ ಅದರ ಮರಿಗಳು ವಸಂತದ ಶುರುವಿನಲ್ಲಿ ಇನ್ನೂ ಜಲ್ಲಿಯೊಳಗೇ ಇರ್ತವೆ. ಸುತ್ತಲಿನ ತಳ ಪಾಚಿ ಹಿಡಿದು ಕಪ್ಪಗಿದ್ದು ನಡುವೆ ಒಂದು ಕಡೆ ಮಾತ್ರ ಉಜ್ಜಿ ತೊಳೆದಂತೆ ಬೆಳ್ಳಗಿನ ಜಲ್ಲಿ ಮೊಟ್ಟೆಯಾಕಾರದಲ್ಲಿ ಕಂಡ್ರೆ ಅದು ಗೂಡು, ಅದರ ಮೇಲೆ ಕಾಲಿಟ್ರೆ ಒಳಗಿರೋದೆಲ್ಲಾ ನಜ್ಜುಗುಜ್ಜು. ತೆಳು ನೀರಲ್ಲಿ ಎರಡು ದೊಡ್ಡ ಮೀನು ಒಂದರ ಪಕ್ಕ ಒಂದು ಕದಲದೆ ನಿಂತಿದ್ರೂ ಅಷ್ಟೇ, ಎಷ್ಟು ಆಸೆಯಾದ್ರೂ ಅದಕ್ಕೆ ಫ್ಲೈ ಹಾಕ್ಬೇಡಿ, ದಡ ಹತ್ತಿ ಸುತ್ಕೊಂಡು ಮುಂದೆ ಹೋಗಿ. ಎಷ್ಟೋ ನದಿಗಳಲ್ಲಿ ಇದೇ ಕಾರಣಕ್ಕೆ ವಸಂತದ ಕೆಲವು ವಾರ ಫಿಶಿಂಗ್ ಬಂದ್ ಇರತ್ತೆ, ಕೆಲವು ಕಡೆ ಒಂದೇ ನದಿಯ ಮೇಲ್ಭಾಗ ಬಂದ್, ಕೆಳಭಾಗ ಓಪನ್, ಕೆಲವು ಕಡೆ ಮುಳ್ಳಿಲ್ಲದ ಹುಕ್ ಕಡ್ಡಾಯ. ಲೈಸೆನ್ಸ್ ತಗೊಳ್ಳೋವಾಗ ಆ ವರ್ಷದ ನಿಯಮ ಕೇಳ್ಕೊಂಡು ಬನ್ನಿ, ಹೋದ ವರ್ಷದ್ದು ನೆನಪಿಟ್ಕೊಂಡು ಹೋಗ್ಬೇಡಿ.